ಮಗ್ಗದ ಸದ್ದೂ ಮನೆಯವರ ಕಿವಿಯೂ

ದೊಡ್ಡಬಳ್ಳಾಪುರದಿಂದ ನಮ್ಮ ವಾಚಕಿಯರಲ್ಲೊಬ್ಬರು ಬರೆದಿರುವ ಕಾಗದವು ಹೋದ ತಿಂಗಳು ನಮ್ಮ ಕೈ ಸೇರಿತು. ಅವರ ಯಜಮಾನರು ಇಪ್ಪತ್ತೆರಡು ವರ್ಷಗಳಿಂದ ವಿದ್ಯುತ್ ಮಗ್ಗದ ಮುಂದೆ ನಿಂತು ದುಡಿದವರು. ಈಗ ಮನೆಯಲ್ಲಿ ಮಾತೆಂದರೆ ಜಗಳವೇ ಆಗಿಹೋಗಿದೆಯಂತೆ. “ಕರೆದರೆ ಓಗೊಡುತ್ತಾರೆ, ಹೇಳಿದ್ದು ಮಾತ್ರ ತಲೆಗೆ ಹೋಗುವುದಿಲ್ಲ. ಕೇಳಿಸುವುದೇ ಇಲ್ಲವೋ, ಕೇಳುವ ಮನಸ್ಸಿಲ್ಲವೋ ನಾನರಿಯೆ” ಎಂದು ಆಕೆ ನೊಂದು ಬರೆದಿದ್ದಾರೆ. ಹತ್ತೊಂಬತ್ತು ವರ್ಷದ ಮಗನೂ ಸದ್ಯದಲ್ಲಿಯೇ ಅದೇ ಮಗ್ಗಕ್ಕೆ ನಿಲ್ಲತಕ್ಕವನು. ಅವನ ಕಿವಿಗೆ ಹತ್ತಿ ಇಟ್ಟರೆ ಸಾಕೇ, ಅಂಗಡಿಯಲ್ಲಿ ದೊರೆಯುವ ಬಿರಡೆ ಒಳ್ಳೆಯದೇ, ತಲೆಯ ಮೇಲಿನಿಂದ ಹಾಕಿಕೊಳ್ಳುವ ಮುಚ್ಚಳ ಒಳ್ಳೆಯದೇ ಎಂಬುದು ಅವರ ಪ್ರಶ್ನೆ.

ಮೊದಲು ಯಜಮಾನರ ಪರವಾಗಿ ಒಂದು ಮಾತು. ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಅಂಗವೊಂದುಂಟು. ಅದರೊಳಗೆ ಸುಮಾರು 15,000 ರೋಮಕೋಶಗಳು ಸಾಲುಗಟ್ಟಿ ನಿಂತು ಸದ್ದನ್ನು ಹಿಡಿದು ಮಿದುಳಿಗೆ ಕಳುಹಿಸುವುವು. ಮನುಷ್ಯನಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಯಂತ್ರಗಳ ಸದ್ದಿನ ಪೆಟ್ಟು ಮೊದಲು ತಗಲುವುದು ಎತ್ತರದ ಧ್ವನಿಯನ್ನು, ಅಂದರೆ ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನದನ್ನು, ಹಿಡಿಯುವ ಕೋಶಗಳಿಗೆ. ನಮ್ಮ ಮಾತಿನಲ್ಲಿ ಸ್ವರಗಳ ಬಲವೆಲ್ಲ ತಗ್ಗಿನ ಧ್ವನಿಯಲ್ಲಿಯೂ, ಸ, ಶ, ಚ, ತ ಮೊದಲಾದ ವ್ಯಂಜನಗಳ ಬಲವು ಎತ್ತರದ ಧ್ವನಿಯಲ್ಲಿಯೂ ಇರುವುದು. ಆದುದರಿಂದ ಇಂಥವರಿಗೆ ದನಿ ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ಮಗು ‘ಸಾಕು’ ಎಂದರೆ ತಂದೆಗೆ ‘ಹಾಕು’ ಎಂದು ಕೇಳಿಸಿ ತಟ್ಟೆಗೆ ಇನ್ನೊಂದು ಸೌಟು ಅನ್ನ ಬೀಳುತ್ತದೆ. ಹೆಂಗಸರ ಮತ್ತು ಮಕ್ಕಳ ದನಿ ಸಹಜವಾಗಿಯೇ ಎತ್ತರವಾದುದರಿಂದ ಹೊರಗಿನ ಗಂಡಸರಿಗಿಂತ ಮನೆಯವರ ಮಾತೇ ಮೊದಲು ಮಸುಕಾಗುವುದು. ಸೋದರಿಯು ಇದನ್ನು ಅಸಡ್ಡೆಯೆಂದು ತಿಳಿಯಲಾಗದು. ಅವರ ಯಜಮಾನರು ಮನೆಗಾಗಿ ದುಡಿದ ದುಡಿಮೆಯ ಗಾಯವದು.

ಈ ಗಾಯವು ಹೊಸದಲ್ಲ. ವೆನಿಸ್ ನಗರದಲ್ಲಿ ದಿನವೆಲ್ಲ ತಾಮ್ರವನ್ನು ಬಡಿಯುತ್ತಿದ್ದ ಕಂಚುಗಾರರು ಕಿವುಡರಾಗುವುದನ್ನು ಇಟಲಿಯ ವೈದ್ಯ ರಾಮಾಜೀನಿಯು ಹದಿನೆಂಟನೆಯ ಶತಮಾನದ ಆದಿಯಲ್ಲಿಯೇ ಬರೆದಿಟ್ಟನು. 1886ರಲ್ಲಿ ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ ಎಂಬವನು ಬಾಯ್ಲರು ತಯಾರಿಸುವ ನೂರು ಮಂದಿಯ ಕಿವಿಗಳನ್ನು ಪರೀಕ್ಷಿಸಿ, ಅಂಚೆ ಹಂಚುವವರ ಕಿವಿಗಳೊಡನೆ ಹೋಲಿಸಿ ಈ ಕೆಡುಕನ್ನು ಲೆಕ್ಕದಲ್ಲಿ ತೋರಿಸಿದನು. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಹತ್ತಿಗಿರಣಿಗಳಲ್ಲಿ ನೇಯುತ್ತಿದ್ದ ಹೆಂಗಸರಂತೂ ತುಟಿಗಳನ್ನು ಅಗಲವಾಗಿ ಆಡಿಸಿ ದನಿಯಿಲ್ಲದೆ ಮಾತನಾಡುವ ಒಂದು ಪದ್ಧತಿಯನ್ನೇ ಬೆಳೆಸಿಕೊಂಡಿದ್ದರು. ಮಗ್ಗದ ಮನೆಯಲ್ಲಿ ನಗುವುದಕ್ಕೂ ಹರಟುವುದಕ್ಕೂ ಅವರಿಗೆ ಬೇರೆ ದಾರಿಯಿರಲಿಲ್ಲ. ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಶಾಸನವೂ ಸದ್ದಿನಿಂದ ಬರುವ ಕಿವುಡನ್ನು ಸರಕಾರಕ್ಕೆ ವರದಿ ಮಾಡತಕ್ಕ ರೋಗಗಳ ಪಟ್ಟಿಯಲ್ಲಿ ಸೇರಿಸಿಕೊಂಡಿತ್ತು. ಆದರೆ ಮನೆಯ ಪಡಸಾಲೆಯಲ್ಲಿ ನಾಲ್ಕು ಮಗ್ಗ ಹಾಕಿಕೊಂಡವರ ಬಾಗಿಲಿಗೆ ಕಾರ್ಖಾನೆಯ ಕಾನೂನು ಸಾಮಾನ್ಯವಾಗಿ ಬರುವುದಿಲ್ಲ. ಅಲ್ಲಿ ಗೃಹಿಣಿಯೇ ಇನ್‌ಸ್ಪೆಕ್ಟರು.

ಸದ್ದು ಎಷ್ಟಿದೆಯೆಂದು ತಿಳಿಯದೆ ಬಿರಡೆಯನ್ನು ಆರಿಸುವುದು ಅಳತೆ ಕೊಡದೆ ರವಿಕೆ ಹೊಲಿಸಿದಂತೆ. ಒಂದು ಗಜ ದೂರದಲ್ಲಿ ನಿಂತವರೊಡನೆ ಕೂಗಿ ಮಾತನಾಡಬೇಕಾದರೆ ಅಲ್ಲಿ ಸದ್ದು 85 ಡೆಸಿಬಲ್ ದಾಟಿದೆಯೆಂದು ಭಾವಿಸಬಹುದು. ಕೈಯಲ್ಲಿನ ಮೊಬೈಲಿನಿಂದಲೂ ಸ್ಥೂಲವಾದ ಅಂದಾಜು ಸಿಗುವುದು. ಡೆಸಿಬಲ್ಲಿನ ಲೆಕ್ಕವು ಮಾತ್ರ ರೂಪಾಯಿ ಆಣೆಗಳ ಲೆಕ್ಕದಂತಲ್ಲ. 3 ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುವುದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ ಬರಿಗಿವಿಯಲ್ಲಿ 85ರಲ್ಲಿ 8 ಘಂಟೆ, 88ರಲ್ಲಿ 4 ಘಂಟೆ, 91ರಲ್ಲಿ 2 ಘಂಟೆ, 94ರಲ್ಲಿ 1 ಘಂಟೆ ಇರಬಹುದು. 100ರಲ್ಲಿ ಕಾಲು ಘಂಟೆ ಮಾತ್ರ. ಲಾಳಿ ಹಾಯುವ ಮಗ್ಗಗಳು ಹತ್ತಾರು ಒಂದೇ ಮಾಡಿನ ಕೆಳಗೆ ಓಡುವಾಗ 95, 100 ಎನ್ನುವುದು ಅಪರೂಪವಲ್ಲ. ಲಾಳಿಯನ್ನು ಆಚೆಗೂ ಈಚೆಗೂ ಹೊಡೆದು ಓಡಿಸುವ ಪೆಟ್ಟು ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಬೀಳುತ್ತಲೇ ಇರುವುದಷ್ಟೆ.

ಈಗ ಹತ್ತಿಯ ವಿಚಾರ. ಒಣಹತ್ತಿಯ ಎಳೆಗಳ ನಡುವೆ ಗಾಳಿ ಆಡುತ್ತದೆ, ಗಾಳಿ ಆಡುವಲ್ಲಿ ಸದ್ದೂ ನುಸುಳುತ್ತದೆ. ಅದನ್ನು ಇಟ್ಟುಕೊಂಡವನಿಗೆ ಕಿವಿ ಮುಚ್ಚಿದೆನೆಂಬ ಸಮಾಧಾನವುಂಟು, ರಕ್ಷಣೆ ಬಹಳ ಸ್ವಲ್ಪ. 1907ರಲ್ಲಿ ಬರ್ಲಿನ್ನಿನ ಔಷಧವ್ಯಾಪಾರಿ ಮ್ಯಾಕ್ಸ್ ನೆಗ್ವರ್ ಎಂಬವನು ಇದೇ ಹತ್ತಿಗೆ ಮೇಣವನ್ನೂ ವ್ಯಾಸಲೀನನ್ನೂ ಕೂಡಿಸಿ ಬಿರಡೆ ಮಾಡಿದ್ದರ ಗುಟ್ಟು ಇಷ್ಟೇ: ಮೇಣವು ಸಂದನ್ನು ಮುಚ್ಚುತ್ತದೆ. ಇಂದು ಅಂಗಡಿಯಲ್ಲಿ ‘ಇಯರ್ ಪ್ಲಗ್’ ಎಂದು ಸಿಗುವ ಸ್ಪಂಜಿನಂಥ ಬಿರಡೆಯನ್ನು ಬೆರಳುಗಳ ನಡುವೆ ಬತ್ತಿಯಂತೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಹಿಗ್ಗಿ ತುಂಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿಹಿಡಿಯತಕ್ಕುದು. ಸರಿಯಾಗಿ ಕುಳಿತಿತೇ ಎಂದು ನೋಡಬೇಕಾದರೆ ಸದ್ದಿನ ನಡುವೆ ಎರಡು ಅಂಗೈಗಳಿಂದಲೂ ಕಿವಿಗಳನ್ನು ಮುಚ್ಚಿ ತೆಗೆಯಬೇಕು. ಮುಚ್ಚಿದಾಗ ಸದ್ದು ಬಹಳ ಇಳಿಯಿತೆಂದರೆ ಬಿರಡೆ ಸರಿಯಾಗಿ ಕುಳಿತಿಲ್ಲ. ಒಬ್ಬನೇ ಮನುಷ್ಯನ ಎರಡು ಕಿವಿಗಳ ರಂಧ್ರಗಳೂ ಒಂದೇ ಅಳತೆಯವಾಗಿರಬೇಕೆಂಬ ನಿಯಮವಿಲ್ಲ.

ನೇಯುವವನ ಬೆರಳಿಗೆ ಎಣ್ಣೆ, ಗಂಜಿ, ಬಣ್ಣ ಅಂಟಿಕೊಂಡಿರುವುದು. ಆ ಕೈಯಿಂದ ಹೊಸೆದ ಸ್ಪಂಜು ಕಿವಿಯೊಳಗೆ ಹೋದರೆ ಕಿವುಡು ತಪ್ಪಿಸಲು ಹೋಗಿ ಕೀವು ತರಿಸಿಕೊಂಡಂತಾಗುವುದು. ಇಂಥವರಿಗೆ ಹಿಡಿಯುವುದಕ್ಕೆ ಚಿಕ್ಕ ಕಾಂಡವಿದ್ದು, ಸೋಪಿನ ನೀರಿನಲ್ಲಿ ತೊಳೆಯಬಹುದಾದ ರಬ್ಬರಿನ ಬಿರಡೆಯು ಮೇಲು. ಎರಡನ್ನೂ ದಾರದಿಂದ ಕೂಡಿಸಿದ್ದು ಸಿಕ್ಕಿದರೆ ಕಳೆದುಹೋಗುವುದಿಲ್ಲ. ದಾರವು ಮಗ್ಗದ ಓಡುವ ಭಾಗಕ್ಕೆ ಸಿಕ್ಕದಂತೆ ಅಂಗಿಯ ಹಿಂದೆ ಇಳಿಬಿಡಬೇಕು. ಕಿವಿ ಸೋರುತ್ತಿರುವವರು ಯಾವ ಬಿರಡೆಯನ್ನೂ ಇಡಬಾರದು, ಮೊದಲು ವೈದ್ಯರಿಗೆ ತೋರಿಸತಕ್ಕುದು.

‘ಇಯರ್ ಮಫ್’ ಎಂಬ ಮುಚ್ಚಳವು ಹಾಕಲು ತೆಗೆಯಲು ಸುಲಭ, ಕೈ ಕೊಳೆಯಾಗಿದ್ದರೂ ಚಿಂತೆಯಿಲ್ಲ, ಧರಿಸಿದ್ದಾನೋ ಇಲ್ಲವೋ ಎಂಬುದು ದೂರದಿಂದಲೇ ಕಾಣುತ್ತದೆ. ಆದರೆ ಅದರ ಮೆತ್ತೆಯು ಕಿವಿಯ ಸುತ್ತಲೂ ಚರ್ಮಕ್ಕೆ ಅಂಟಿಕೊಂಡಿದ್ದರೆ ಮಾತ್ರ ಫಲ. ಕನ್ನಡಕದ ಕಡ್ಡಿ, ಜುಮುಕಿ, ತಲೆಗೆ ಸುತ್ತಿದ ವಸ್ತ್ರ, ಹೆಂಗಸರ ದಪ್ಪನೆಯ ಜಡೆ ಇವುಗಳಲ್ಲಿ ಯಾವುದೊಂದು ನಡುವೆ ಸಿಕ್ಕಿದರೂ ಸಂದಾಗಿ ಸದ್ದು ಒಳಹೊಗುವುದು. ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಅದನ್ನು ಎಂಟು ಘಂಟೆ ಹಾಕಿಕೊಂಡಿರೆಂದು ಹೇಳುವವರು ತಾವೊಮ್ಮೆ ಹಾಕಿಕೊಂಡು ನೋಡಬೇಕು. ಬೆವರಿಗೆ ಗಟ್ಟಿಯಾದ ಮೆತ್ತೆಯನ್ನು ಆಗಾಗ ಬದಲಾಯಿಸಬೇಕೆಂಬುದೂ ಅನೇಕರಿಗೆ ತಿಳಿಯದು.

ಪೊಟ್ಟಣದ ಮೇಲೆ ‘ಎನ್.ಆರ್.ಆರ್. 29’ ಎಂದು ಮುದ್ರಿಸಿರುವುದನ್ನು ಕಂಡು 96 ಡೆಸಿಬಲ್ಲಿನಿಂದ 29ನ್ನು ಕಳೆದು ಸಂತೋಷಪಡಬಾರದು. ಅದು ಪ್ರಯೋಗಶಾಲೆಯ ಅಂಕಿ. ಅಮೆರಿಕದವರ ರೂಢಿಯ ಎಚ್ಚರಿಕೆಯ ಲೆಕ್ಕದಲ್ಲಿ ಮೊದಲು 7ನ್ನು ಕಳೆದು, ಉಳಿದುದನ್ನು ಅರ್ಧ ಮಾಡುವರು. 29 ಹೀಗೆ 11 ಆಗುವುದು. 96ರ ಮಗ್ಗದ ಮನೆಯಲ್ಲಿ ಕಿವಿಗೆ ತಲಪುವುದು 85, ಅಂದರೆ ಎಲ್ಲೆಯ ಮೇಲೆಯೇ ನಿಂತಂತೆ. ಹಾಗೆಂದು ಅತ್ಯಂತ ದೊಡ್ಡ ಅಂಕಿಯದೇ ಬೇಕೆನ್ನುವುದೂ ಜಾಣತನವಲ್ಲ. ನುರಿತ ನೇಯ್ಗೆಯವನು ಎಳೆ ತುಂಡಾದುದನ್ನೂ ಮಗ್ಗ ತಪ್ಪಿದುದನ್ನೂ ಕಣ್ಣಿನಷ್ಟೇ ಕಿವಿಯಿಂದಲೂ ಅರಿಯುವನು. ಏನೂ ಕೇಳಿಸದಂತೆ ಮುಚ್ಚಿದರೆ ಅವನು ಹತ್ತು ನಿಮಿಷಕ್ಕೊಮ್ಮೆ ತೆಗೆಯುವನು. ಕಿವಿಗೆ ತಲಪುವ ಸದ್ದು 70ಕ್ಕಿಂತ ಕೆಳಗೆ ಇಳಿಯದಿರಲೆಂದು ಯೂರೋಪಿನವರು ಹೇಳುವುದು ಇದಕ್ಕಾಗಿಯೇ.

ತೆಗೆಯುವುದರ ನಷ್ಟವು ಎಷ್ಟೆಂಬುದನ್ನು ಕೇಳಿದರೆ ವಾಚಕರು ನಂಬಲಾರರು. 30 ಡೆಸಿಬಲ್ ತಡೆಯುವ ಉತ್ತಮವಾದ ಬಿರಡೆಯನ್ನು ಎಂಟು ಘಂಟೆಗಳಲ್ಲಿ ನಾಲ್ಕು ಘಂಟೆ ಮಾತ್ರ ಇಟ್ಟುಕೊಂಡರೆ, ದಿನದ ಒಟ್ಟಿನಲ್ಲಿ ಸಿಗುವ ರಕ್ಷಣೆ 15 ಅಲ್ಲ, 3! ಬರಿಗಿವಿಯಲ್ಲಿ ಕಳೆದ ಆ ನಾಲ್ಕು ಘಂಟೆಗಳಲ್ಲಿ ದಿನದ ಅರ್ಧ ಸದ್ದು ಒಳಹೊಕ್ಕಿತಲ್ಲವೇ. ಅರ್ಧವೆಂದರೆ 3 ಡೆಸಿಬಲ್ಲಷ್ಟೆ. ಮುಕ್ಕಾಲು ಘಂಟೆ ಮಾತ್ರ ತೆಗೆದಿಟ್ಟರೂ 30 ಹೋಗಿ ಸುಮಾರು 10 ಉಳಿಯುವುದು. ಆದಕಾರಣ ಹುಡುಗನಿಗೆ ಯಾವುದನ್ನು ಕೊಳ್ಳಬೇಕೆಂದರೆ, ದಿನವಿಡೀ ತೆಗೆಯದೆ ಇಟ್ಟುಕೊಳ್ಳುವಷ್ಟು ಹಿತವಾದುದನ್ನು. ಎರಡು ಮೂರು ಬಗೆಯವನ್ನು ತಂದುಕೊಟ್ಟು ಅವನೇ ಆರಿಸಲಿ. ನಾವು ಕಂಡ ಒಂದು ಕಾರ್ಖಾನೆಯಲ್ಲಿ, ಹೆಸರು ಬೇಡ, ಎಲ್ಲರಿಗೂ ಒಂದೇ ಬಗೆಯ ಬಿರಡೆಗಳನ್ನು ತರಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಗುಮಾಸ್ತರ ಬಳಿ, ಗುಮಾಸ್ತರು ರಜೆಯ ಮೇಲೆ.

ಯಂತ್ರವನ್ನು ಸುಮ್ಮನಾಗಿಸುವ ಪ್ರಯತ್ನ ಕಿವಿ ಮುಚ್ಚುವುದಕ್ಕಿಂತ ಮೊದಲಿನದು. ಸವೆದ ಭಾಗಗಳನ್ನು ಬದಲಾಯಿಸಿ, ಮಗ್ಗದ ಕಾಲಡಿಗೆ ದಪ್ಪ ರಬ್ಬರು ಕೊಟ್ಟು, ಮಗ್ಗದ ಕೋಣೆಗೂ ವಾಸದ ಮನೆಗೂ ನಡುವೆ ಸಂದಿಲ್ಲದ ಬಾಗಿಲಿಟ್ಟರೆ ಮನೆಯವರಿಗೂ ಉಪಕಾರ. ತೊಟ್ಟಿಲನ್ನು ಮಗ್ಗದ ಬಳಿ ಕಟ್ಟಬಾರದು. ಬಸುರಿಯರು ತಾವು ಬಿರಡೆ ಇಟ್ಟುಕೊಂಡರೆ ತಮ್ಮ ಕಿವಿಗೆ ಮಾತ್ರ ಕಾಪು, ತಗ್ಗಿನ ಸದ್ದು ಗರ್ಭದ ಮಗುವಿಗೆ ತಲಪಿಯೇ ತಲಪುವುದು. ಅವರನ್ನು ಆ ಕೋಣೆಯಿಂದ ದೂರವಿಡುವುದೇ ಲೇಸು.

ಸೋದರಿಯು ಮಗನನ್ನು ಮಗ್ಗಕ್ಕೆ ನಿಲ್ಲಿಸುವ ಮೊದಲು ಅವನ ಕಿವಿಯ ಪರೀಕ್ಷೆ ಮಾಡಿಸಲಿ. ಪರೀಕ್ಷೆಗೆ ಹಿಂದಿನ 14 ಘಂಟೆ ಅವನು ಜೋರಾದ ಸದ್ದಿನಲ್ಲಿರಕೂಡದು. ಆ ಕಾಗದವನ್ನು ಮನೆಯ ಪತ್ರಗಳೊಡನೆ ಜೋಪಾನವಾಗಿಟ್ಟು, ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡಿಸಿ ಹೋಲಿಸಿದರೆ 4,000 ಕಂಪನಗಳ ಬಳಿ ಗೆರೆಯು ಕುಸಿಯುತ್ತಿದೆಯೇ ಎಂಬುದು, ಮಾತು ಮಸುಕಾಗುವುದಕ್ಕೆ ಬಹಳ ಮುಂಚೆಯೇ ಗೊತ್ತಾಗುವುದು. ಕೆಲಸ ಬಿಟ್ಟು ಬಂದ ರಾತ್ರಿ ಕಿವಿಯಲ್ಲಿ ಜುಂಯ್ ಎನ್ನುತ್ತಿದ್ದರೆ, ಟೆಲಿವಿಷನ್ನಿನ ಸದ್ದನ್ನು ಅವನು ದಿನೇದಿನೇ ಏರಿಸುತ್ತಿದ್ದರೆ, ವರ್ಷ ಕಾಯಬೇಕಾಗಿಲ್ಲ.

ಯಜಮಾನರನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಾಗಲಿ, ಹತ್ತಿರದ ದೊಡ್ಡ ಆಸ್ಪತ್ರೆಗಾಗಲಿ ಕರೆದೊಯ್ಯಬಹುದು. ಅಲ್ಲಿಯವರೆಗೆ ಅಡಿಗೆಯ ಮನೆಯಿಂದ ಕೂಗದೆ, ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ನಿಧಾನವಾಗಿ ಮಾತನಾಡಿ ನೋಡಲಿ. ಶ್ರವಣಯಂತ್ರಗಳನ್ನು ಕೊಳ್ಳುವ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.