ಬೇಟೆ ಮುಗಿದ ಮೇಲೆ

ಫ್ಲಾರಿಡಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಳಿಯಂದಿರು ಹವಳಗಳನ್ನು ಸಾಕಿದ್ದ ಗಾಜಿನ ತೊಟ್ಟಿಯ ಮುಂದೆ ನಾನು ಕಳೆದ ಹೊತ್ತು ಸ್ವಲ್ಪವಲ್ಲ. ಉಪ್ಪುನೀರು, ನೀರಿನಲ್ಲಿ ಕಲ್ಲು, ಕಲ್ಲಿನ ಮೇಲೆ ಬಗೆಬಗೆಯ ಬಣ್ಣದ ಹವಳ. ಆ ನಂದನವನಕ್ಕೂ ಒಂದು ಪೀಡೆ ತಗುಲಿತ್ತು. ಕಡಲಿನ ಕಲ್ಲಿನ ಸಂದಿಯಲ್ಲಿ ಅಡಗಿ ಬರುವ ಐಪ್ಟೇಸಿಯ ಎಂಬ ಕಂದುಬಣ್ಣದ ಕಡಲಹೂ ಅದು. ಹೆಸರಿಗೆ ಹೂ, ವಾಸ್ತವವಾಗಿ ಪ್ರಾಣಿ; ನೆರೆಯ ಹವಳವನ್ನು ಕುಟುಕಿ ಸುಡುತ್ತದೆ. ಕಿತ್ತೆಸೆಯೋಣವೆಂದರೆ ರಕ್ತಬೀಜಾಸುರನ ಸಂತತಿ. ಕಲ್ಲಿಗೆ ಅಂಟಿ ಉಳಿದ ಪಾದದ ಚೂರೊಂದರಿಂದಲೇ ಮತ್ತೊಂದು ಹುಟ್ಟಿಕೊಳ್ಳುತ್ತದೆ.

ಪೀಡೆಯನ್ನು ತಿನ್ನುವ ಜೀವಿಯನ್ನೇ ತಂದು ಬಿಡುವುದು ಬಲ್ಲವರು ಹೇಳುವ ಮದ್ದು. ಆದರೆ ಯಾವುದನ್ನು ತರಬೇಕು? ಪೆಪ್ಪರ್‌ಮಿಂಟ್ ಸೀಗಡಿ ಅದನ್ನು ತಿನ್ನುವುದುಂಟು; ಕೆಲವೊಮ್ಮೆ ಹವಳಕ್ಕೇ ಬಾಯಿ ಹಾಕುವುದೂ ಉಂಟು. ಉದ್ದ ಮೂತಿಯ, ತಾಮ್ರಬಣ್ಣದ ಪಟ್ಟೆಗಳ ಚಿಟ್ಟೆಮೀನು ಕಣ್ಣಿಗೆ ಹಬ್ಬ. ಕಡಲಿನಿಂದ ಹಿಡಿದು ತಂದ ಅದು ಎಷ್ಟೋ ವೇಳೆ ತೊಟ್ಟಿಯಲ್ಲಿ ಆಹಾರ ಮುಟ್ಟದೆ ಸೊರಗಿ ಸಾಯುತ್ತದೆ. ಇನ್ನು, ಕಂಡದ್ದನ್ನೆಲ್ಲ ತಿನ್ನುವ ಬಾಯನ್ನು ಕರೆತಂದರೆ ಏನಾಗುತ್ತದೆಂಬುದಕ್ಕೆ ನೆಲದ ಮೇಲಿನ ನಿದರ್ಶನ ಹವಾಯಿ ದ್ವೀಪಗಳದು. ಕಬ್ಬಿನ ಗದ್ದೆಯ ಇಲಿಗಳನ್ನು ಕೊಲ್ಲಲೆಂದು 1883ರಲ್ಲಿ ಅಲ್ಲಿಗೆ ಮುಂಗುಸಿಯನ್ನು ಒಯ್ದರು. ನಮ್ಮ ದೇಶದ್ದೇ ತಳಿ, ಜಮೈಕಾದ ಮಾರ್ಗವಾಗಿ ಹೋದದ್ದು. ಇಲಿ ಓಡಾಡುವುದು ಇರುಳು, ಮುಂಗುಸಿ ಹಗಲು. ಕುತ್ತು ಬಂದದ್ದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳಿಗೆ.

ಅಳಿಯಂದಿರು ಕಡೆಗೆ ತರಿಸಿದ್ದು ಬೆರ್ಗಿಯಾ ಎಂಬ, ಚಿಪ್ಪಿಲ್ಲದ ಒಂದು ಪುಟ್ಟ ಕಡಲ ಬಸವನಹುಳುವನ್ನು. ಅದಕ್ಕೆ ಐಪ್ಟೇಸಿಯದ ಹೊರತು ಬೇರೆ ಅನ್ನವಿಲ್ಲ. ಹವಳದ ಗೊಡವೆಯಿಲ್ಲ, ಮೀನಿನ ಗೊಡವೆಯಿಲ್ಲ. ತಿಂದ ಬೇಟೆಯ ಕುಟುಕುವ ಕಣಗಳನ್ನು ಕೆಡದಂತೆ ಬೆನ್ನಿನ ಕುಚ್ಚುಗಳಲ್ಲಿ ಕೂಡಿಟ್ಟು, ಅವನ್ನೇ ಆಯುಧ ಮಾಡಿಕೊಳ್ಳುವ ಅದರ ಚಾತುರ್ಯವನ್ನು ಏನೆಂದು ಹೊಗಳಲಿ! ಇರುಳು ಟಾರ್ಚು ಹಿಡಿದು ಅದನ್ನು ಹುಡುಕುತ್ತ ನಾನು ನಿದ್ದೆಗೆಟ್ಟದ್ದುಂಟು. ಮೂರು ತಿಂಗಳಲ್ಲಿ ತೊಟ್ಟಿ ಶುದ್ಧವಾಯಿತು.

ಮನೆಯವರೆಲ್ಲರೂ ಹಿಗ್ಗಿದರು. ನನಗೆ ಮಾತ್ರ ಒಂದು ಕಳವಳ. ಇನ್ನು ಅವುಗಳ ಊಟಕ್ಕೇನು?

“ಅವುಗಳ ಕೆಲಸ ಮುಗಿಯಿತಲ್ಲ, ಮಾವ” ಎಂದರು ಅಳಿಯಂದಿರು.

ಈ ಮಾತನ್ನು ನಾನು ಒಪ್ಪಲಾರೆ. ಹವಳವನ್ನು ಮುಟ್ಟದಂಥದನ್ನೇ ಆರಿಸಿದ ಅವರ ವಿವೇಕ ಮೆಚ್ಚತಕ್ಕದ್ದೇ. ಆದರೆ ಯಾವ ಗುಣಕ್ಕಾಗಿ ಅದನ್ನು ಆರಿಸಿದೆವೋ ಆ ಗುಣವೇ ಅದನ್ನು ಉಪವಾಸ ಕೆಡವುತ್ತದೆ. ಕೆಲಸ ಚೆನ್ನಾಗಿ ಮಾಡಿದಷ್ಟೂ ಬೇಗ. ಅಂಥ ಜೀವಿಯನ್ನು ಕರೆಸಿಕೊಳ್ಳುವವನು ಮೊದಲ ದಿನವೇ ಅದರ ಮುಂದಿನ ಅನ್ನದ ದಾರಿಯನ್ನೂ ನೋಡಿಡಬೇಕು. ಅದೇ ಪೀಡೆಯಿಂದ ನರಳುವ ಇನ್ನೊಬ್ಬ ಹವ್ಯಾಸಿಗೆ ದಾಟಿಸಬಹುದು. ಇಲ್ಲವೆ ಬೇರೊಂದು ಪಾತ್ರೆಯಲ್ಲಿ ಆ ಕಂದು ಹೂವನ್ನು ಬೇಕೆಂದೇ ಬೆಳೆಸಬಹುದು. ಕಳೆಯನ್ನು ಸಾಕುವುದೇ ಎಂದು ನಗುವವರು ನಗಲಿ.

ನಾಲ್ಕು ದಿನ ಮಾವ ಅಳಿಯರ ನಡುವೆ ಈ ಚರ್ಚೆ ನಡೆಯಿತು. ಐದನೆಯ ದಿನ ಅವರೇ ಕಲ್ಲುಗಳನ್ನು ಸರಿಸಿ ಹುಡುಕಿದರು. ಬಿಟ್ಟದ್ದು ಎಂಟು, ಸಿಕ್ಕಿದ್ದು ಮೂರು. ಮೂರನ್ನೂ ಸೀಸೆಯೊಂದರಲ್ಲಿ ಹಾಕಿಕೊಂಡು, ಅದೇ ಊರಿನಲ್ಲಿ ಅವರ ಗೆಳೆಯರೊಬ್ಬರು ಸಾಕಿದ್ದ ತೊಟ್ಟಿಗೆ ಅಂದು ಸಂಜೆಯೇ ಬಿಟ್ಟು ಬಂದೆವು.