ಕಾಶಿಗೆ ಹೊರಟ ತಾಯಿಯ ಕೈಯಲ್ಲಿ ಕಾಸಿರಲಿ

ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈಗೊಂದು ಹೊಸ ಬಗೆಯ ಮಾತಾಪಿತೃ ಭಕ್ತಿ ಬೆಳೆದಿದೆ. ತಂದೆತಾಯಿಯರನ್ನು ಮಹಾನಗರಿ ಎಕ್ಸ್‌ಪ್ರೆಸ್ಸಿನಲ್ಲಿ ಕೂರಿಸಿ, "ದುಡ್ಡಿನ ಚಿಂತೆ ನಿಮಗೆ ಬೇಡ, ಎಲ್ಲ ನಾನು ಇಲ್ಲಿಂದಲೇ ಕಟ್ಟುತ್ತೇನೆ" ಎನ್ನುತ್ತಾನೆ ಮಗ. ತನ್ನ ಹೆಸರಿನ ಕಾರ್ಡೊಂದನ್ನು ಅಮ್ಮನ ಪರ್ಸಿಗೆ ಸೇರಿಸಿ, ಅದರ ಪಿನ್ ನಂಬರನ್ನು ಚೀಟಿಯಲ್ಲಿ ಬರೆದು ಜೊತೆಗೇ ಇಡುತ್ತಾನೆ. ನೆರೆಯವರು "ಎಂಥ ಮಗನಪ್ಪಾ!" ಎಂದು ಕೊಂಡಾಡುತ್ತಾರೆ. ನಾನು ಹೇಳುವುದಿಷ್ಟೆ: ಇದು ಭಕ್ತಿಯಲ್ಲ, ಯಜಮಾನಿಕೆ.

ಕಾಶಿಯಲ್ಲಿ ದುಡ್ಡು ಬೇಕಾಗುವುದು ಎಲ್ಲಿ? ರೈಲಿನ ಟಿಕೇಟು, ವಸತಿಯ ಬಾಡಿಗೆ ಇಲ್ಲಿಂದಲೇ ಕಟ್ಟಬಹುದು, ನಿಜ. ಆದರೆ ದೋಣಿಯವನು, ರಿಕ್ಷಾದವನು, ಹೂವು ಮಾರುವವಳು, ಕೇದಾರ ಘಾಟಿನಲ್ಲಿ ತರ್ಪಣ ಮಾಡಿಸಿದ ಪುರೋಹಿತರು, ಮೆಟ್ಟಿಲ ಮೇಲೆ ಕೈಯೊಡ್ಡಿ ಕುಳಿತ ಮುದುಕಿ, ಇವರಿಗೆಲ್ಲ ಮುಂಬಯಿಯ ಮಗ ಕಟ್ಟುತ್ತಾನೆಯೆ? ಮೊಬೈಲಿನಲ್ಲೇ ಎಲ್ಲ ಇದೆಯಲ್ಲ ಎನ್ನುವವರು ಒಂದು ಸಂಗತಿ ತಿಳಿಯಬೇಕು. ವಿಶ್ವನಾಥನ ದೇವಸ್ಥಾನದೊಳಕ್ಕೆ ಮೊಬೈಲಿಗೆ ಪ್ರವೇಶವಿಲ್ಲ. ಅದನ್ನು ಹೊರಗೆ ಲಾಕರಿನಲ್ಲಿಟ್ಟು ಸಾಲಿನಲ್ಲಿ ನಿಲ್ಲಬೇಕು. ಇಡೀ ಗಂಟು ಲಾಕರಿನಲ್ಲಿ, ತಾಯಿ ಹುಂಡಿಯ ಮುಂದೆ ಬರಿಗೈಯಲ್ಲಿ!

ಇನ್ನು ಆ ಚೀಟಿಯ ಮಾತು. ಗ್ರಾಹಕನ ಅಜಾಗರೂಕತೆಯಿಂದ ಪಿನ್ ಬೇರೆಯವರ ಕೈ ಸೇರಿ ಹಣ ಹೋದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟವೆಲ್ಲ ಗ್ರಾಹಕನದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತು. ಹೀಗಿರುವಾಗ ಕಾರ್ಡಿನ ಪಕ್ಕದಲ್ಲೇ ಪಿನ್ ಇಟ್ಟು ಕಳಿಸುವುದು ಕಳ್ಳನಿಗೆ ಕೀಲಿಕೈ ಕೊಟ್ಟಂತೆ.

ಅಮೆರಿಕದ ಮಗನ ಮನೆಗೆ ಹೋಗಿಬಂದವರ ಪಾಡು ಬೇರೆ. ಫಾರೆಕ್ಸ್ ಕಾರ್ಡಿನಲ್ಲಿ ಡಾಲರು ಉಳಿದಿದೆ, ಕಾಶಿ ಮುಗಿಸಿ ಕಠ್ಮಂಡುವಿನ ಪಶುಪತಿನಾಥನ ದರ್ಶನಕ್ಕೆ ಅದೇ ಸಾಕು ಎಂದು ಹೊರಡುತ್ತಾರೆ. ನಮ್ಮ ಬ್ಯಾಂಕುಗಳು ಕೊಡುವ ಆ ಕಾರ್ಡು ಭಾರತದಲ್ಲೂ ನಡೆಯದು, ನೇಪಾಳ, ಭೂತಾನಗಳಲ್ಲೂ ನಡೆಯದು. ಮಗ ಕೊಟ್ಟ ಅಮೆರಿಕದ ಕಾರ್ಡು ಇಲ್ಲಿ ನಡೆದೀತು. ಆದರೆ ಅಂಗಡಿಯ ಯಂತ್ರ ಡಾಲರೋ ರೂಪಾಯಿಯೋ ಎಂದು ಕೇಳಿದರೆ ರೂಪಾಯಿ ಎನ್ನಬೇಕು. ಡಾಲರು ಎಂದರೆ ವಿನಿಮಯದ ದರದಲ್ಲೇ ಸಾಮಾನ್ಯವಾಗಿ ಕೈ ಕಚ್ಚುತ್ತದೆ. ಇದನ್ನೆಲ್ಲ ಹಿರಿಯರಿಗೆ ಕೂರಿಸಿ ಹೇಳುವವರು ಎಷ್ಟು ಮಂದಿ? ಕಾರ್ಡು ಕೊಡುತ್ತೇವೆ, ತಿಳಿವಳಿಕೆ ಕೊಡುವುದಿಲ್ಲ.

"ಅವರ ಕೈಗೆ ಹಣ ಕೊಟ್ಟರೆ ಮೋಸ ಹೋಗುತ್ತಾರೆ" ಎಂಬುದು ಮಕ್ಕಳ ವಾದ. ಯಾತ್ರಾಸ್ಥಳದಲ್ಲಿ ಮೋಸಗಾರರಿದ್ದಾರೆ, ಒಪ್ಪೋಣ. ಆದರೆ ಅದಕ್ಕೆ ಮದ್ದು ಮಿತಿ ಹಾಕುವುದು, ಕೈ ಕಟ್ಟುವುದಲ್ಲ. ತಾಯಿಯ ಹೆಸರಿನಲ್ಲಿ ಬೇರೆ ಉಳಿತಾಯ ಖಾತೆ ತೆರೆಯಿರಿ. ಅದಕ್ಕೆ ಅವರದೇ ಫೋನ್ ನಂಬರು ಇರಲಿ, ಓಟಿಪಿ ಅವರಿಗೇ ಬರಲಿ. ಯಾತ್ರೆಗೆ ಬೇಕಾದಷ್ಟನ್ನೇ ಅದರಲ್ಲಿ ಹಾಕಿ. ಕಾರ್ಡಿಗೆ ಮಿತಿ ಹಾಕುವ, ಬೇಡವಾದಾಗ ಮುಚ್ಚುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲೇ ಬ್ಯಾಂಕುಗಳಿಗೆ ಆದೇಶಿಸಿತು. 2024ರಲ್ಲಿ ಬಂದ ಯುಪಿಐ ಸರ್ಕಲ್‌ನಲ್ಲಿ ಮಗನ ಖಾತೆಯಿಂದಲೇ ತಾಯಿ ಖರ್ಚು ಮಾಡಬಹುದು. ಅದರಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಪಾವತಿಗೂ ಮಗ ಒಪ್ಪಿಗೆ ಒತ್ತಬೇಕು. ಅವನು ಆಫೀಸಿನ ಮೀಟಿಂಗಿನಲ್ಲಿದ್ದರೆ ತಾಯಿ ಅಂಗಡಿಯ ಮುಂದೆ ಕಾಯಬೇಕು. ಇನ್ನೊಂದು ಪೂರ್ಣ ಅನುಮತಿಯದು: ಒಂದು ಸಲಕ್ಕೆ 5,000, ತಿಂಗಳಿಗೆ 15,000 ರೂಪಾಯಿಯ ಮಿತಿಯೊಳಗೆ ಯಾರನ್ನೂ ಕೇಳಬೇಕಾಗಿಲ್ಲ. ಆರಿಸುವುದಾದರೆ ಎರಡನೆಯದನ್ನು ಆರಿಸಿ. ಜೊತೆಗೆ ಹತ್ತು, ಇಪ್ಪತ್ತು, ನೂರರ ನೋಟುಗಳು ಎರಡು ಕಡೆ ಹಂಚಿಟ್ಟು ಇರಲಿ. ಮೋಸವಾದರೆ ಕರೆಯಬೇಕಾದ ನಂಬರು 1930 ಎಂಬುದು ಅವರಿಗೆ ಬಾಯಿಪಾಠವಾಗಿರಲಿ.

ದುಡ್ಡಿದ್ದವನೇ ದೊಡ್ಡಪ್ಪ ಎಂಬ ಗಾದೆ ಲೋಕಕ್ಕೆ ಸರಿ. ಮನೆಯೊಳಗೆ ಅದು ನಡೆಯಬಾರದು. ಸಂಬಳ ಬಂದ ದಿನ ಲೆಕ್ಕ ಹಾಕಿ, ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟು, ಊರು ಬಿಟ್ಟು ಬಂದ ಸಂಸಾರವನ್ನು ಎರಡು ಕೋಣೆಯ ಮನೆಯಲ್ಲಿ ದಡ ಸೇರಿಸಿದ ಹೆಂಗಸಿಗೆ ಹದಿನೈದು ದಿನದ ಖರ್ಚು ನಿಭಾಯಿಸಲು ಬಾರದೆಂದು ನಾವು ಯಾವ ಬಾಯಿಂದ ಹೇಳುವುದು? ಗಂಗೆಯ ದಡದಲ್ಲಿ ಯಾರಿಗೆ ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಅವರೇ ತೀರ್ಮಾನಿಸಲಿ. ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಕೊಡಲಿ. ಟಿಕೇಟು ಕಾಯ್ದಿರಿಸುವ ಮೊದಲು ಅವರನ್ನು ಬ್ಯಾಂಕಿಗೆ ಕರೆದೊಯ್ಯಿರಿ. ಯಾತ್ರೆಯ ಏರ್ಪಾಡು ಅಲ್ಲಿಂದಲೇ ಮೊದಲಾಗಲಿ.