ಭೂಮಿಗೂ ನರಗಳಿವೆಯೇ?

ಹಿಂದೂಪುರದ ಕಡೆಯಾಗಲಿ ಕಲ್ಯಾಣದುರ್ಗದ ಕಡೆಯಾಗಲಿ, ಬೋರು ಹಾಕಿಸುವ ಮುನ್ನ ನೀರು ತೋರಿಸುವವರನ್ನು ಕರೆಸುವುದು ನಮ್ಮಲ್ಲಿ ವಾಡಿಕೆ. ಅಂಗೈಯ ಮೇಲಿನ ತೆಂಗಿನಕಾಯಿ ಎದ್ದು ನಿಂತರೆ, ಇಲ್ಲವೆ ಬೇವಿನ ಕವಲುಕಡ್ಡಿ ತಿರುಗಿದರೆ, "ಇಲ್ಲಿ ನರ ಹರಿದಿದೆ" ಎನ್ನುತ್ತಾರೆ. ಮೈಯಲ್ಲಿ ರಕ್ತ ಹರಿಯುವಂತೆ ನೆಲದೊಳಗೆ ನೀರು ಹರಿಯುತ್ತದೆಂಬ ಈ ಹೋಲಿಕೆ ನಿನ್ನೆ ಮೊನ್ನೆಯದಲ್ಲ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಅಂತರ್ಜಲದ ಅಧ್ಯಾಯದಲ್ಲಿ ಇದನ್ನೇ ಹೇಳಿದ್ದಾನೆ.

ಹೋಲಿಕೆಯನ್ನು ನಾವು ಹಗುರವಾಗಿ ಕಾಣಬೇಕಿಲ್ಲ. ನ್ಯಾಯಶಾಸ್ತ್ರದವರು ಪ್ರತ್ಯಕ್ಷ, ಅನುಮಾನ, ಶಬ್ದಗಳ ಜೊತೆಗೆ ಉಪಮಾನವನ್ನೂ ಪ್ರಮಾಣವೆಂದು ಒಪ್ಪಿದರು. ಗವಯವೆಂಬ ಕಾಡುಮೃಗ ಹಸುವಿನಂತಿರುತ್ತದೆಂದು ಕೇಳಿದ್ದವನು, ಕಾಡಿನಲ್ಲಿ ಅದನ್ನು ಕಂಡೊಡನೆ ಗುರುತಿಸುತ್ತಾನೆ. ಆದರೆ ಗಮನಿಸಿ, ಅವನು ಕಾಡಿಗೆ ಹೋಗಿ ಕಣ್ಣಾರೆ ಕಂಡ ಮೇಲಲ್ಲವೇ ಗುರುತಿಸಿದ್ದು!

ನರದ ಹೋಲಿಕೆಯಲ್ಲಿ ಅರ್ಧ ಸತ್ಯವುಂಟು. ನಮ್ಮದು ಗಟ್ಟಿ ಕಲ್ಲಿನ ನೆಲ. ಆಳದ ನೀರು ಬಂಡೆಯ ಬಿರುಕುಗಳಲ್ಲಿರುತ್ತದೆ. ಬಿರುಕು ಸಿಕ್ಕರೆ ನೀರು, ಹತ್ತು ಮಾರು ಆಚೆ ಕೊರೆದರೆ ಬರೀ ಕಲ್ಲಿನ ಪುಡಿ. ಉಳಿದರ್ಧ? ರಕ್ತವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಬಂಡೆ ನೀರನ್ನು ತಯಾರಿಸುವುದಿಲ್ಲ. ಮಳೆ ಇಂಗಿದರಷ್ಟೇ ಉಂಟು, ಅದೂ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಬೀಳುವ ಈ ಅನಂತಪುರ ಸೀಮೆಯಲ್ಲಿ. ಒಂದು ನರ ಬತ್ತಿದರೆ ಇನ್ನೂ ಆಳದಲ್ಲಿ ಇನ್ನೊಂದು ಇದ್ದೇ ಇರುತ್ತದೆಂದು ನಂಬಿದವರು ಮೂರನೆಯ ಬೋರಿಗೂ ಸಾಲ ತರುತ್ತಾರೆ. ತಾಯಿಯ ಓಲೆ ಗಿರವಿಗೆ ಹೋಗುತ್ತದೆ. ಪಕ್ಕದ ಹೊಲದವರೂ ಅದೇ ಬಿರುಕಿನ ನೀರೆತ್ತುತ್ತಿರಬಹುದೆಂಬುದು ಆ ಹೋಲಿಕೆಯಲ್ಲಿ ಕಾಣುವುದೇ ಇಲ್ಲ. ಒಬ್ಬರ ರಕ್ತನಾಳ ಇನ್ನೊಬ್ಬರ ಮೈಗೆ ಹೋಗುವುದಿಲ್ಲವಷ್ಟೆ!

ತಮಾಷೆಯೆಂದರೆ, 1628ರಲ್ಲಿ ರಕ್ತಪರಿಚಲನೆಯನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಇದೇ ಹೋಲಿಕೆಯನ್ನು ತಿರುಗಿಸಿ ಹೇಳಿದ: ನೀರು ಆವಿಯಾಗಿ ಮಳೆಯಾಗಿ ಮರಳುವಂತೆ ರಕ್ತವೂ ಸುತ್ತುತ್ತದೆ ಎಂದು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ದೂಡುತ್ತದೆ, ಅರ್ಧ ಗಂಟೆಗೆ ಎಷ್ಟಾಯಿತು ಎಂದು ಲೆಕ್ಕ ಹಾಕಿದ.

ನಮಗೇನೋ ನರಕ್ಕಿಂತ ಹಿಂದಿನವರು ಕಾಳು ತುಂಬಿಡುತ್ತಿದ್ದ ಹಗೇವು ಹೆಚ್ಚು ಒಪ್ಪುವ ಹೋಲಿಕೆಯೆನಿಸುತ್ತದೆ. ಸುಗ್ಗಿಯಲ್ಲಿ ತುಂಬಿದ್ದಷ್ಟನ್ನೇ ಬೇಸಿಗೆಯಲ್ಲಿ ತೆಗೆಯಬಹುದು. ಇದಕ್ಕೂ ಮಿತಿಯುಂಟು: ಹಗೇವಿನೊಳಗೆ ಇಳಿದು ಎಷ್ಟು ಉಳಿದಿದೆಯೆಂದು ನೋಡಬಹುದು, ಬೋರಿನೊಳಗೆ ಇಳಿಯಲಾಗದು. ಈ ವರ್ಷ ಮಳೆ ಎಷ್ಟಾಯಿತು, ಕೆರೆಗೆ ನೀರು ಬಂತೇ, ಸುತ್ತ ಎಷ್ಟು ಬೋರುಗಳಿವೆ ಎಂಬ ಲೆಕ್ಕವನ್ನು ಮೇಲೆ ನಿಂತೇ ಮಾಡಬೇಕು.